ಯಂತ್ರ ಏಳುವ ಮುನ್ನ ಮುಟ್ಟಬಾರದು

ಇದು ನಡೆದದ್ದು ಕಳೆದ ವರ್ಷದ ನವೆಂಬರ್ ತಿಂಗಳಿನಲ್ಲಿ.

ಸಾಗರದಲ್ಲಿ ನಾನು ನಡೆಸುತ್ತಿರುವ ಬೆರಳಚ್ಚು ಶಾಲೆಯಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ನಗುವವಳಲ್ಲ. ಆದ್ದರಿಂದಲೇ ಅವು ನನ್ನೆದುರು ನಡೆಯುತ್ತವೆ ಎಂಬುದು ನನ್ನ ಸಹಾಯಕ ಶಿಕ್ಷಕಿಯ ಅಭಿಪ್ರಾಯ. ಅವರು ರಿಪ್ಪನ್‌ಪೇಟೆಯಿಂದ ದಿನವೂ ಬಸ್ಸಿನಲ್ಲಿ ಬರುವವರು. ಅಭಿಪ್ರಾಯಗಳನ್ನು ಹೊಂದಲು ಅವರಿಗೆ ಸಾಕಷ್ಟು ಸಮಯ ಸಿಗುತ್ತದೆ.

೧. ಬೆಳಗಿನ ಕ್ರಮ

ನಮ್ಮ ಶಾಲೆಯಲ್ಲಿ ಬೆರಳಚ್ಚು ಯಂತ್ರಗಳು ಹಲವು, ಕಂಪ್ಯೂಟರ್ ಒಂದೇ. ಅದು ಬಂದ ಕಾಲಕ್ಕೆ ಹೊಸದಾಗಿತ್ತು. ವರ್ಷ ಕಳೆದಂತೆ ಅದಕ್ಕೆ ಏಳುವುದು ಕಷ್ಟವಾಗುತ್ತ ಬಂತು. ಗುಂಡಿ ಒತ್ತಿದ ಮೇಲೆ ಅದು ಒಳಗೊಳಗೇ ಗೊರಕೆ ಹೊಡೆಯುತ್ತಿತ್ತು, ನಡುನಡುವೆ ಕೆಮ್ಮುತ್ತಿತ್ತು, ಕೊನೆಗೊಮ್ಮೆ ಟಿಣ್ ಎಂದು ಒಂದು ಸಣ್ಣ ರಾಗ ಹಾಡಿ ಎಚ್ಚರಗೊಳ್ಳುತ್ತಿತ್ತು.

ಆ ಅವಧಿಯನ್ನು ವ್ಯರ್ಥಮಾಡುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಒಂದು ಕ್ರಮವನ್ನು ಗೊತ್ತುಪಡಿಸಿದೆ. ನಾನು ಒಳಗೆ ಬಂದೊಡನೆ ಗುಂಡಿ ಒತ್ತುವುದು. ಬಳಿಕ ಕಣ್ಣು ಮುಚ್ಚಿ ಪ್ರಾರ್ಥನೆ. ನನಗೆ ಕಲಿಸಿದ ಕಾನ್ವೆಂಟಿನ ಸಿಸ್ಟರುಗಳು ಕಣ್ಣು ತೆರೆದುಕೊಂಡು ಮಾಡುವುದನ್ನು ಪ್ರಾರ್ಥನೆಯೆಂದು ಒಪ್ಪುತ್ತಿರಲಿಲ್ಲ. ಆಮೇಲೆ ಹಾಜರಿ. ಆಮೇಲೆ ಉಗುರುಗಳ ತಪಾಸಣೆ. ಆಮೇಲೆ ಬೆರಳುಗಳ ವ್ಯಾಯಾಮ. ಕೊನೆಗೆ ಎದುರಿನ ಹೋಟೆಲಿನಿಂದ ಚಹಾ. ಚಹಾ ಮುಗಿಯುವ ಹೊತ್ತಿಗೆ ಯಂತ್ರ ಏಳುತ್ತಿತ್ತು.

ಒಮ್ಮೆ ಅವಸರದ ವಿದ್ಯಾರ್ಥಿನಿಯೊಬ್ಬಳು ಅದು ಏಳುವ ಮೊದಲೇ ಒಂದು ಕೀಲಿಯನ್ನು ಒತ್ತಿದಳು. ಯಂತ್ರ ಹಾಗೆಯೇ ಸ್ತಬ್ಧವಾಯಿತು. ಮತ್ತೆ ಗುಂಡಿ ಒತ್ತಿ, ಮತ್ತೆ ಪ್ರಾರ್ಥನೆಯಿಂದ ಆರಂಭಿಸಬೇಕಾಯಿತು. ಅಂದೇ ನಾನು ಕೆಂಪು ಅಕ್ಷರಗಳಲ್ಲಿ ಒಂದು ಫಲಕ ಬರೆಸಿ ಕಂಪ್ಯೂಟರಿನ ಮೇಲಿನ ಗೋಡೆಗೆ ತೂಗುಹಾಕಿದೆ: ಯಂತ್ರ ಏಳುವ ಮುನ್ನ ಮುಟ್ಟಬಾರದು.

ಶಾಲೆಯ ಅನುಮತಿಯನ್ನು ಮುಂದುವರಿಸಬೇಕಾದ ಪರಿಶೀಲಕರು ತೀರ್ಥಹಳ್ಳಿಯಿಂದ ಬರುತ್ತಾರೆ. ಯಂತ್ರವನ್ನು ಅವರ ಎದುರಿನಲ್ಲೇ ಚಾಲೂ ಮಾಡಿ ತೋರಿಸಬೇಕೆಂಬುದು ನಿಯಮ. ಹಿಂದಿನ ಸಲ ಅವರು ಪ್ರಾರ್ಥನೆಗೆ ನಿಂತರು, ಚಹಾ ಕುಡಿದರು, ಗೊರಕೆ ಕೇಳಿದರು. ಯಂತ್ರ ಏಳುವ ಮೊದಲೇ ಅವರ ಬಸ್ಸು ಬಂತು.

"ಮುಂದಿನ ಸಲ ನಾ ಇರೋ ಹೊತ್ತಿಗೆ ಇದು ಎದ್ದಿರಬೇಕು ಮೇಡಂ," ಎಂದರು. "ಇಲ್ಲ ಅಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ. ಶಾಲೆ ಮುಚ್ಚಿ ಅಂತ ಬರೀಬೇಕಾಗುತ್ತೆ."

ಹೊಸ ಕಂಪ್ಯೂಟರ್ ತರಬಾರದೇ ಎಂದು ಊರಿನವರು ಕೇಳಿದರು. ಅನುಮತಿ ಈ ಯಂತ್ರದ ಮೇಲೆ ಇದೆ. ಹೊಸದು ತಂದರೆ ಅನುಮತಿಯನ್ನೂ ಹೊಸದಾಗಿ ಬೇಡಬೇಕು. ಅದು ಬರುವ ಹೊತ್ತಿಗೆ ನಾನು ಇರುವೆನೆಂಬ ಭರವಸೆ ನನಗಿರಲಿಲ್ಲ. ಶಾಲೆ ಮುಚ್ಚಿದರೆ ನಮ್ಮ ಹುಡುಗಿಯರು ಶಿವಮೊಗ್ಗಕ್ಕೆ ಹೋಗಬೇಕು. ಅವರಲ್ಲಿ ಹೆಚ್ಚಿನವರನ್ನು ಅಪ್ಪಂದಿರು ಕಳಿಸುವುದಿಲ್ಲ ಎಂಬುದನ್ನು ನಾನು ಬಲ್ಲೆ.

ಪರಿಶೀಲಕರು ಮತ್ತೆ ಬರುವ ಸುದ್ದಿ ಬಂದಾಗ ಸಹಾಯಕ ಶಿಕ್ಷಕಿ ಬಹಳ ಯೋಚಿಸಿ ಹೇಳಿದರು:

"ಮಿಸ್, ಅವರಿಗೆ ರೈಲಲ್ಲಿ ಬರೋಕೆ ಹೇಳಿ."

"ತೀರ್ಥಹಳ್ಳಿಗೆ ರೈಲಿಲ್ಲ," ಎಂದೆ.

"ಅದಕ್ಕೇ ಹೇಳಿದ್ದು," ಎಂದರು.

೨. ಅಲ್ಲಾಡದ ವಸ್ತು

ಕಂಪ್ಯೂಟರ್ ಅಂಗಡಿಯವರು ಬೇರೆ ಉಪಾಯ ಸೂಚಿಸಿದರು. ಯಂತ್ರ ಹಾಗೆಯೇ ಇರಲಿ. ಅದರ ಒಳಗಿರುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಎಂಬುದನ್ನು ಕೂರಿಸಿದರೆ ಸಾಕು. ಹಳೆಯದರಲ್ಲಿ ಒಂದು ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಮುಳ್ಳು ಓಡಾಡಿ ಬೇಕಾದುದನ್ನು ಹುಡುಕುತ್ತದೆ, ಹುಡುಕಾಟವೇ ಗೊರಕೆ. ಹೊಸದರಲ್ಲಿ ತಿರುಗುವುದೂ ಇಲ್ಲ, ಓಡಾಡುವುದೂ ಇಲ್ಲ.

ಅವರು ಮೇಜಿನ ಮೇಲಿಟ್ಟ ವಸ್ತು ನನ್ನ ಅಂಗೈಗಿಂತ ಚಿಕ್ಕದಾಗಿತ್ತು. ಸಹಾಯಕ ಶಿಕ್ಷಕಿ ಅದನ್ನೆತ್ತಿ ಕಿವಿಯ ಬಳಿ ಹಿಡಿದು, ಸಂತೆಯಲ್ಲಿ ತೆಂಗಿನಕಾಯಿಯನ್ನು ಅಲ್ಲಾಡಿಸುವಂತೆ ಅಲ್ಲಾಡಿಸಿದರು.

"ಏನೂ ಇಲ್ಲ ಮಿಸ್ ಒಳಗೆ. ಬೇರೆ ತೋರಿಸಿ ಅನ್ನಿ."

"ಅಮ್ಮಾ, ಅದು ಕಾಯಲ್ಲ," ಎಂದರು ಅಂಗಡಿಯವರು.

"ಕಾಯಲ್ಲ ಅಂತ ನಂಗೂ ಗೊತ್ತು. ಆದ್ರೂ ಇಷ್ಟು ಸುಮ್ನಿರೋದು ಕೆಲಸ ಮಾಡುತ್ತಾ?"

"ಸುಮ್ನಿರೋದೇ ಅದರ ಗುಣ. ಅಲ್ಲಾಡಲ್ಲ, ಸದ್ದು ಮಾಡಲ್ಲ, ಹೇಳಿದ್ದನ್ನ ತಕ್ಷಣ ಮಾಡುತ್ತೆ."

ಅಂಥ ವಿದ್ಯಾರ್ಥಿನಿಯನ್ನು ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಕಂಡಿರಲಿಲ್ಲ. ಕೊಂಡೆ.

೩. ಒಳಗಿದ್ದವರು

ಅದನ್ನು ಕೂರಿಸಲು ಹೊಸನಗರದಿಂದ ರಿಪೇರಿಯವರೊಬ್ಬರು ಬಂದರು. ಅವರು ಕೆಲಸಕ್ಕಿಂತ ಮೊದಲು ಮಾತನ್ನು ಆರಂಭಿಸುವವರು. ತಾವು ಬಿಚ್ಚದ ಯಂತ್ರ ಮಲೆನಾಡಿನಲ್ಲಿಲ್ಲ, ತಾವು ಮುಟ್ಟಿದ ಯಂತ್ರ ಮತ್ತೆ ಮಲಗಿದ್ದಿಲ್ಲ ಎಂದು ಹೇಳುತ್ತ ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದವರು ಥಟ್ಟನೆ ಮಾತು ನಿಲ್ಲಿಸಿದರು.

"ಮೇಡಂ, ಇದರೊಳಗೆ ಯಾರೋ ಬಾಡಿಗೆಗೆ ಇದಾರೆ."

ಒಂದು ಮೂಲೆಯಲ್ಲಿ ಕುಂಬಾರ ಹುಳ ಕೆಮ್ಮಣ್ಣಿನಿಂದ ಅಚ್ಚುಕಟ್ಟಾಗಿ ಗೂಡು ಕಟ್ಟಿತ್ತು. ರಿಪೇರಿಯವರು ಸ್ಕ್ರೂಡ್ರೈವರ್ ಎತ್ತಿದರು.

"ಒಡೀಬೇಡ್ರಿ!" ಎಂದು ಸಹಾಯಕ ಶಿಕ್ಷಕಿ ಕೂಗಿದ ರಭಸಕ್ಕೆ ಹುಡುಗಿಯರೆಲ್ಲ ಬೆರಳು ನಿಲ್ಲಿಸಿದರು.

ಕುಂಬಾರ ಹುಳ ಮನೆ ಕಟ್ಟಿದ ಕಡೆ ತೊಟ್ಟಿಲು ತೂಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸಹಾಯಕ ಶಿಕ್ಷಕಿಯ ಮಗನಿಗೆ ಮದುವೆಯಾಗಿ ವರ್ಷಗಳಾಗಿದ್ದವು. ಅವರ ಮನೆಯ ಜಂತೆಯ ಕಡೆಗೆ ಯಾವ ಹುಳವೂ ಸುಳಿದಿರಲಿಲ್ಲ.

"ಅದು ಕಟ್ಟಿದ್ದು ಇಲ್ಲಿ," ಎಂದು ನಾನು ನೆನಪಿಸಿದೆ. "ಇಲ್ಲಿ ನಿಮ್ಮ ಸೊಸೆ ಇಲ್ಲ."

"ನಿಮ್ಗೆ ಬೇಕಾ ಮಿಸ್ ಅದು?"

ನನಗೆ ಎಪ್ಪತ್ತು ದಾಟಿದೆ. ನಾನು ಹಕ್ಕನ್ನು ಬಿಟ್ಟುಕೊಟ್ಟೆ.

ರಿಪೇರಿಯವರು ಗೂಡನ್ನು ಹಾಗೆಯೇ ಬಿಡಿಸಿ, ಹತ್ತಿಯಲ್ಲಿಟ್ಟು, ಟೈಪ್‌ರೈಟರ್ ರಿಬ್ಬನ್ನಿನ ಖಾಲಿ ಪೆಟ್ಟಿಗೆಗೆ ಹಾಕಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದರು. ಎಸ್‌ಎಸ್‌ಡಿಯನ್ನು ಮರುದಿನ ಕೂರಿಸುವುದೆಂದು, ಧೂಳು ತಾಗದಿರಲೆಂದು, ಅದರ ಪೆಟ್ಟಿಗೆಯನ್ನೂ ಅದೇ ಪತ್ರಿಕೆಯ ಉಳಿದರ್ಧದಲ್ಲಿ ಸುತ್ತಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರು. ಸಹಾಯಕ ಶಿಕ್ಷಕಿ ಬಸ್ಸಿನ ಅವಸರದಲ್ಲಿ ಒಂದನ್ನು ಎತ್ತಿಕೊಂಡು ಹೋದರು.

ಮರುದಿನ ಬೆಳಿಗ್ಗೆ ರಿಪೇರಿಯವರು ಉಳಿದ ಪೊಟ್ಟಣವನ್ನು ಬಿಚ್ಚಿ, ಒಳಗಿದ್ದುದನ್ನು ಕೆಲ ಕಾಲ ನೋಡಿ, "ಇದು ಯಾವ ಕಂಪನಿದು ಮೇಡಂ?" ಎಂದರು.

ನಾನು ಫೋನ್ ಮಾಡಿದೆ. ಸಹಾಯಕ ಶಿಕ್ಷಕಿ ಆಗಷ್ಟೇ ಮನೆಯಿಂದ ಹೊರಟಿದ್ದರು.

"ಪೊಟ್ಟಣ ಎಲ್ಲಿದೆ?"

"ದೇವರ ಮುಂದೆ ಮಿಸ್. ಅರಿಶಿನ ಕುಂಕುಮ ಏರಿಸೀನಿ. ಸೊಸೆ ಮಡಿಯುಟ್ಟು ಪ್ರದಕ್ಷಿಣೆನೂ ಹಾಕಿದ್ಲು."

"ಬಿಚ್ಚಿ ನೋಡಿದಿರಾ?"

"ಛೇ, ಬಿಚ್ಚಿದ್ರೆ ಫಲ ಹೋಗುತ್ತೆ."

ಅವರು ಮನೆಗೆ ಮರಳಿ, ಪೊಟ್ಟಣವನ್ನು ತಂದರು. ರಿಪೇರಿಯವರು ಎಸ್‌ಎಸ್‌ಡಿಯನ್ನು ಹೊರತೆಗೆದು, ಕಾಗದದ ಮೇಲಿದ್ದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಅದರ ಹಣೆಗೂ ಇಟ್ಟೇ ಒಳಗೆ ಕೂರಿಸಿದರು. ಹಳೆಯದರಲ್ಲಿದ್ದುದೆಲ್ಲ ಹೊಸದಕ್ಕೆ ನಕಲಾಗಲು ಒಂದು ಮಧ್ಯಾಹ್ನ ಹಿಡಿಯಿತು. ಗೂಡು ಸಂಜೆಯ ಬಸ್ಸಿಗೆ ರಿಪ್ಪನ್‌ಪೇಟೆಗೆ ಹೋಯಿತು, ದಾರಿಯಲ್ಲಿ ಪುಡಿಯಾಯಿತು.

ಸೊಸೆ ಈಗ ಬಸುರಿ. ಆಕೆ ಪ್ರದಕ್ಷಿಣೆ ಹಾಕಿದ್ದು ಎಸ್‌ಎಸ್‌ಡಿಗೆ ಮಾತ್ರ. ಈ ಗುಣವನ್ನು ತಯಾರಕರು ಪೆಟ್ಟಿಗೆಯ ಮೇಲೆ ನಮೂದಿಸಿಲ್ಲ.

೪. ಲೋಟ ಕೇಳಿದ ಗಿರಾಕಿ

ಅದರ ಮರುದಿನ, ಅಂದರೆ ಪರಿಶೀಲನೆಯ ಹಿಂದಿನ ದಿನ, ನಾನು ಎಂದಿನಂತೆ ಗುಂಡಿ ಒತ್ತಿ ಕೈ ಮುಗಿದೆ. ಪ್ರಾರ್ಥನೆಯ ಮೊದಲ ಸಾಲು ಮುಗಿದಿರಲಿಲ್ಲ. ಯಂತ್ರ ಟಿಣ್ ಎಂದು ರಾಗ ಹಾಡಿತು. ಹುಡುಗಿಯರೆಲ್ಲರ ಕಣ್ಣುಗಳು ತೆರೆದವು. ಅದನ್ನು ನಾನು ನೋಡಿದೆನೆಂದರೆ ನನ್ನವೂ ತೆರೆದಿದ್ದವೆಂದೇ ಅರ್ಥ.

ಸಂತೋಷಪಡಲು ಪುರಸೊತ್ತು ಸಿಗಲಿಲ್ಲ. ಎದುರಿನ ಹೋಟೆಲಿನ ಭಟ್ಟರು ಕೈಯಲ್ಲಿ ತಟ್ಟೆ ಹಿಡಿದು ರಸ್ತೆ ದಾಟಿ ಬಂದರು. ಅವರು ನನ್ನೊಡನೆ ಪೇಟೆಯ ಮಾತನ್ನೇ ಆಡುತ್ತಾರೆ. ಮನಸ್ಸು ಕದಡಿದಾಗ ಮಾತ್ರ ಹವ್ಯಕರ ಮನೆಮಾತಿಗೆ ಇಳಿಯುತ್ತಾರೆ.

"ಅಕ್ಕೋರೇ, ಎಂತ ಇದು? ನೋಡಿ, ಇಡ್ಲಿ ಇನ್ನೂ ಹಿಟ್ಟೇ ಇದ್ದು!"

"ನಿಮ್ಮ ಇಡ್ಲಿಗೂ ನನಗೂ ಏನು ಸಂಬಂಧ?"

ಸಂಬಂಧವಿತ್ತು. ನಮ್ಮ ಪ್ರಾರ್ಥನೆ ಕೇಳಿಸಿದೊಡನೆ ಅವರು ಇಡ್ಲಿಯ ಪಾತ್ರೆಯನ್ನು ಒಲೆಗೇರಿಸುತ್ತಿದ್ದರು; ನಮ್ಮ ಯಂತ್ರ ಹಾಡಿದೊಡನೆ ಕೆಳಗಿಳಿಸುತ್ತಿದ್ದರು. ವರ್ಷಗಳಿಂದ ಸಾಗರದ ಜನ ಹದವಾದ ಇಡ್ಲಿಯೆಂದು ಹೊಗಳಿ ತಿನ್ನುತ್ತಿದ್ದುದು ನನ್ನ ಹಾರ್ಡ್ ಡಿಸ್ಕಿನ ಆಲಸ್ಯವನ್ನು.

"ಗಡಿಯಾರ ನೋಡಿ ಇಳಿಸಬಾರದೇ?"

"ಗಡಿಯಾರ ನಂಬಲಾಗ್ತಿಲ್ಲೆ. ಸೆಲ್ಲು ಹೋದ್ರೆ ನಿಂತ್ಬಿಡ್ತು. ನಿಮ್ಮ ಪೆಟ್ಟಿಗೆ ಒಂದು ದಿನಕ್ಕೂ ಮೋಸ ಮಾಡಿದ್ದಿಲ್ಲೆ. ಇವತ್ತು ಎಂತಕ್ಕೆ ಹಿಂಗೆ?"

"ಗಿರಾಕಿಗಳಿಗೆ ಕೊಟ್ಟಿರಾ?"

"ಒಬ್ಬಂಗೆ ಕೊಟ್ಟಿ."

"ಏನೆಂದರು?"

"ಲೋಟ ಕೇಳ್ದ."

ಅದು ಮತ್ತೆ ಅಕಾಲದಲ್ಲಿ ಹಾಡಿ ಇಡ್ಲಿ ಕೆಡಿಸದಿರಲೆಂದು, ಅವರ ಬಿನ್ನಹದ ಮೇರೆಗೆ ಯಂತ್ರದ ಸದ್ದನ್ನು ಬಂದ್ ಮಾಡಿಸಿದೆ. ಅದನ್ನು ಮಾಡಿದವರು ಊರಿಗೆ ಹೊರಟು ನಿಂತಿದ್ದ ರಿಪೇರಿಯವರು. ಅವರು ಆ ಹೊತ್ತಿಗೇ ಇನ್ನೊಂದು ಉಪಕಾರವನ್ನೂ ಮಾಡಿದರು. ಪರದೆ ಹಳೆಯದು, ಅದಕ್ಕೂ ವಿಶ್ರಾಂತಿ ಬೇಕು ಎಂದು, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಅದು ತಾನಾಗಿ ಕಪ್ಪಾಗುವಂತೆ, ಮುಟ್ಟಿದರೆ ಮತ್ತೆ ಬೆಳಗುವಂತೆ ಹೊಂದಿಸಿದರು. ಇದನ್ನು ಅವರು ಸಹಾಯಕ ಶಿಕ್ಷಕಿಗೆ ಹೇಳಿಯೂ ಹೇಳಿದರು. ಆದರೆ ಕೇಳಬೇಕಾದವರು ಆಗ ಬಸ್ಸಿನ ಹಾರನ್ನಿಗೆ ಕಿವಿಗೊಟ್ಟಿದ್ದರು.

"ನಾಳೆ ಮೊದಲು ಪ್ರಾರ್ಥನೆ, ಚಹಾ ಎಲ್ಲ ಮುಗಿಸಿ, ಆಮೇಲೆ ಗುಂಡಿ ಒತ್ತೋಣ್ವಾ ಮಿಸ್?" ಎಂದು ಸಹಾಯಕ ಶಿಕ್ಷಕಿ ಹೋಗುವ ಮುನ್ನ ಕೇಳಿದರು.

"ಯಂತ್ರ ಬೇಗ ಎದ್ದಿತೆಂದು ಶಾಲೆಯ ಕ್ರಮವನ್ನು ಬದಲಿಸಲಾಗುವುದಿಲ್ಲ," ಎಂದೆ.

೫. ಪರಿಶೀಲನೆ

ಪರಿಶೀಲಕರು ಹೇಳಿದ ಹೊತ್ತಿಗೆ ಬಂದರು. ನಾನು ಅವರ ಎದುರಿನಲ್ಲಿ ಗುಂಡಿ ಒತ್ತಿದೆ. ಕಣ್ಣು ಮುಚ್ಚಿದೆವು. ಅವರೂ ಮುಚ್ಚಿದರು; ನಮ್ಮ ಶಾಲೆಯಲ್ಲಿ ಇಲಾಖೆಗೂ ವಿನಾಯಿತಿ ಇಲ್ಲ.

ನಾವು ಪ್ರಾರ್ಥಿಸುತ್ತಿದ್ದಾಗ ಯಂತ್ರ ಸದ್ದಿಲ್ಲದೆ ಎದ್ದಿತು. ಅದನ್ನು ಯಾರೂ ನೋಡಲಿಲ್ಲ. ಬಳಿಕ ಹಾಜರಿಗೆ ಹುಡುಗಿಯರು ನನ್ನ ಕಡೆ ತಿರುಗಿದರು. ಉಗುರು ತಪಾಸಣೆಯಲ್ಲಿ ಪರಿಶೀಲಕರು ಆಸಕ್ತಿಯಿಂದ ಭಾಗವಹಿಸಿ, ತಮ್ಮ ಉಗುರುಗಳನ್ನು ಜೇಬಿಗೆ ಸೇರಿಸಿದರು. ಬೆರಳಿನ ವ್ಯಾಯಾಮವಾಯಿತು. ಚಹಾ ಆಯಿತು. ಎಲ್ಲರೂ ಕಂಪ್ಯೂಟರಿನ ಕಡೆ ತಿರುಗಿದೆವು.

ಪರದೆ ಕಪ್ಪಗಿತ್ತು.

"ಇನ್ನೂ ಎದ್ದಿಲ್ಲ," ಎಂದರು ಪರಿಶೀಲಕರು.

"ಏಳುತ್ತದೆ," ಎಂದೆ.

"ಹೋದ ಸಲನೂ ಇದೇ ಹೇಳಿದ್ರಿ." ಅವರು ಬಾಗಿ ಪೆಟ್ಟಿಗೆಗೆ ಕಿವಿಯಿಟ್ಟರು. "ಹೋದ ಸಲ ಗೊರಕೆಯಾದ್ರೂ ಇತ್ತು ಮೇಡಂ."

ಸಹಾಯಕ ಶಿಕ್ಷಕಿ ನನ್ನ ಬಳಿ ಸರಿದು, "ಒಂದು ಕೀಲಿ ಒತ್ತಿ ನೋಡ್ಲಾ ಮಿಸ್?" ಎಂದು ಪಿಸುಗುಟ್ಟಿದರು. ನಾನು ಗೋಡೆಯ ಫಲಕವನ್ನು ತೋರಿಸಿದೆ. ಪರಿಶೀಲಕರೂ ಅದನ್ನೋದಿ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

ರಿಪೇರಿಯವರಿಗೆ ಫೋನ್ ಮಾಡಿದೆವು. ಅವರು ಆಗಲೇ ಹೊಸನಗರದಿಂದ ನಮ್ಮ ಕಡೆಗೆ ಬರುವ ಬಸ್ಸಿನಲ್ಲಿದ್ದರು. "ಕಪ್ಪಗಿದೆಯಾ? ಎದ್ದೇ ಇಲ್ವಾ? ಹಾಗಾಗೋಕೆ ಸಾಧ್ಯನೇ ಇಲ್ಲ! ನಾ ಬರೋವರೆಗೆ ಯಾರೂ ಮುಟ್ಟಬೇಡಿ!" ಎಂದರು. ತಾವೇ ಮಾಡಿದ ಉಪಕಾರ ಅವರಿಗೆ ಮರೆತಿತ್ತು.

ನಾವು ಮುಟ್ಟಲಿಲ್ಲ. ಯಂತ್ರದ ಮುಂದೆ ಅರ್ಧವೃತ್ತಾಕಾರವಾಗಿ ನಿಂತು ಕಾದೆವು. ಪರಿಶೀಲಕರೆದುರು ಬೆರಳಚ್ಚು ಮಾಡಿ ತೋರಿಸಲು ಆಯ್ಕೆಯಾಗಿದ್ದ ವಿದ್ಯಾರ್ಥಿನಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ನಿಯಮದಂತೆ ಬೆರಳುಗಳನ್ನು ಕೀಲಿಗಳ ಮೇಲೆ ಸೋಕದಂತೆ ಹಿಡಿದಿದ್ದಳು. ಎಷ್ಟು ಹೊತ್ತಾದರೂ ಒಂದು ಬೆರಳೂ ಕೆಳಗಿಳಿಯಲಿಲ್ಲ. ಅಂಥ ಶಿಸ್ತನ್ನು ನಾನೇ ಕಲಿಸಿದ್ದೆ. ಅಂದು ಆ ಶಿಸ್ತು ಶಾಲೆಯನ್ನು ಮುಚ್ಚಿಸುವುದರಲ್ಲಿತ್ತು.

ಪರಿಶೀಲಕರು ಕೈಗಡಿಯಾರ ನೋಡಿಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ನಂಗೂ ಬೇಜಾರೇ ಮೇಡಂ. ಆ ಮಗು ನೋಡಿದ್ರೆ ಇನ್ನೂ ಬೇಜಾರು. ಆದ್ರೆ ಏನಂತ ಬರೀಲಿ? ಉಗುರು ಚೆನ್ನಾಗಿದೆ ಅಂತ ಬರೀಲಾ?"

"ಕಂಡದ್ದನ್ನು ಬರೆಯಿರಿ," ಎಂದೆ. "ಹೊರಡುವ ಮುನ್ನ ಇನ್ನೊಂದು ಚಹಾ ಕುಡಿದು ಹೋಗಿ."

ಭಟ್ಟರು ಚಹಾ ತಂದರು. ಹೋಟೆಲು ನಡೆಸುವವರಿಗೆ ಒಂದು ಪದ್ಧತಿ ಇರುತ್ತದೆ: ಮೇಜು ಯಾರದೇ ಆಗಿರಲಿ, ಒರೆಸದೆ ಅದರ ಮೇಲೆ ಲೋಟ ಇಡುವುದಿಲ್ಲ. ಅವರು ಹೆಗಲ ಮೇಲಿನ ಬಟ್ಟೆಯನ್ನೆಳೆದು ಕಂಪ್ಯೂಟರಿನ ಮೇಜನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಒರೆಸಿದರು. ದಾರಿಯಲ್ಲಿದ್ದ ಮೌಸ್ ಪಕ್ಕಕ್ಕೆ ಸರಿಯಿತು.

ಪರದೆ ಝಗ್ಗನೆ ಬೆಳಗಿತು.

"ಬರೆಯಿರಿ," ಎಂದೆ ವಿದ್ಯಾರ್ಥಿನಿಗೆ. ಅಷ್ಟು ಹೊತ್ತು ಗಾಳಿಯಲ್ಲಿದ್ದ ಬೆರಳುಗಳು ಕೀಲಿಗಳ ಮೇಲೆ ಬಿದ್ದವು. ಪರಿಶೀಲಕರು ಹೇಳಿದ ಇಡೀ ಪುಟವನ್ನು ಅವಳು ಒಂದು ತಪ್ಪೂ ಇಲ್ಲದೆ ಮುಗಿಸಿದಳು. ಅವರು ಪರದೆಯನ್ನು ನೋಡಲಿಲ್ಲ, ಭಟ್ಟರನ್ನೇ ನೋಡುತ್ತಿದ್ದರು.

"ಭಟ್ಟರೇ, ಏನು ಮಾಡಿದ್ರಿ?"

ಇಷ್ಟು ಜನ ತಮ್ಮನ್ನೇ ನೋಡುವುದನ್ನು ಕಂಡು ಭಟ್ಟರು ಗಾಬರಿಗೊಂಡು ಮನೆಮಾತಿಗೆ ಇಳಿದರು. "ಆನು ಎಂತೂ ಮಾಡಿದ್ನಿಲ್ಲೆ! ಒರೆಸಿದಿ, ಅಷ್ಟೇಯ."

"ಬರೀ ಒರೆಸಿದ್ದಕ್ಕೆ ಎದ್ದಿತಾ?"

"ನಂಗೆಂತ ಗೊತ್ತಿದ್ದು? ನಮ್ಮ ಹೋಟ್ಲಲ್ಲಿ ಒರೆಸಿದ್ರೆ ಗಿರಾಕಿ ಏಳ್ತ."

ಪರಿಶೀಲಕರು ತಮ್ಮ ವರದಿಯಲ್ಲಿ ಬರೆದರು: "ಯಂತ್ರ ಸುಸ್ಥಿತಿಯಲ್ಲಿದೆ. ಅನುಮತಿಯನ್ನು ಮುಂದುವರಿಸಬಹುದು. ಬಳಕೆಗೆ ಮುನ್ನ ಒರೆಸತಕ್ಕದ್ದು."

ಸಹಾಯಕ ಶಿಕ್ಷಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಚಹಾ ತಣ್ಣಗಾಗುತ್ತಿದೆ ಎಂದೆ.

ಪರಿಶೀಲಕರ ಬಸ್ಸು ಹೋದ ಮೇಲೆ ರಿಪೇರಿಯವರ ಬಸ್ಸು ಬಂತು. ಒಂದು ಕ್ಷಣ ಪರದೆಯನ್ನು ನೋಡಿ ಹಣೆ ಚಚ್ಚಿಕೊಂಡು, ಪರದೆಯ ವಿಶ್ರಾಂತಿಯ ವಿಷಯವನ್ನು ಅವರು ಆಮೂಲಾಗ್ರವಾಗಿ ವಿವರಿಸಿದರು. ನಾನು ಕೊನೆಯವರೆಗೂ ಕೇಳಿದೆ. ಆದರೆ ಇಲಾಖೆ ಒರೆಸತಕ್ಕದ್ದು ಎಂದು ಬರೆದಿತ್ತು, ನಿಯಮ ನಿಯಮವೇ. ಅಂದಿನಿಂದ ಪ್ರತಿದಿನ ಪ್ರಾರ್ಥನೆ, ಹಾಜರಿ, ಉಗುರು, ಬೆರಳು, ಚಹಾ, ಅದಾದ ಮೇಲೆ ಭಟ್ಟರು ಬಂದು ಮೇಜು ಒರೆಸುತ್ತಾರೆ. ಹಾಗೆ ಬರುವ ಮುನ್ನ ಇಡ್ಲಿಯನ್ನು ಇಳಿಸಿ ಬರುತ್ತಾರೆ. ಅದು ಮತ್ತೆ ಹದಕ್ಕೆ ಬಂದಿದೆ.

ಒಂದು ಸಂಗತಿ ಉಳಿಯಿತು. ಅಂದು ಬಾಗಿಲು ದಾಟುವ ಮುನ್ನ ಪರಿಶೀಲಕರು ಭಟ್ಟರನ್ನು ಪಕ್ಕಕ್ಕೆ ಕರೆದು, "ನಮ್ಮ ಆಫೀಸಲ್ಲೂ ಇಂಥದ್ದೇ ಒಂದಿದೆ. ಒಂದು ಸಲ ತೀರ್ಥಹಳ್ಳಿಗೆ ಬರ್ತೀರಾ?" ಎಂದು ಕೇಳಿದ್ದರು. ಕೆಲವು ದಿನಗಳ ಬಳಿಕ ಭಟ್ಟರು ಹೋಟೆಲಿಗೆ ರಜೆ ಹಾಕಿ, ಒಗೆದ ಬಟ್ಟೆಯೊಂದನ್ನು ಮಡಿಸಿಟ್ಟುಕೊಂಡು ಹೋದರು. ಸಂಜೆ ಮರಳಿದವರ ಮುಖ ಸಪ್ಪಗಿತ್ತು.

"ಎದ್ದಿತೇ?" ಎಂದು ಕೇಳಿದೆ.

"ಇಲ್ಲೆ ಅಕ್ಕೋರೇ. ಮೇಜು ಕನ್ನಡಿ ಆಗವರೆಗೆ ಒರೆಸಿದಿ. ಎದ್ದಿದ್ದಿಲ್ಲೆ."

"ಯಾಕಿರಬಹುದು?"

ಭಟ್ಟರು ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಹೆಂಗೆ ಏಳ್ತು? ಅಲ್ಲಿ ಒಬ್ಬರೂ ಪ್ರಾರ್ಥನೆ ಮಾಡ್ತ್ವಿಲ್ಲೆ."

ಪರಿಶೀಲನೆಯ ದಿನ ಹಾಜರಿದ್ದವರು: ಪರಿಶೀಲಕರಾದ ನಾಗಭೂಷಣ, ಸಹಾಯಕ ಶಿಕ್ಷಕಿ ಸರೋಜಮ್ಮ, ಹೋಟೆಲಿನ ತಿಮ್ಮಪ್ಪ ಭಟ್ಟರು, ಕುರ್ಚಿಯಲ್ಲಿದ್ದ ಶೈಲಜಾ, ಅವಳ ತರಗತಿಯವರು, ಮತ್ತು ನಾನು. ಹೊಸನಗರದ ಮಂಜಪ್ಪನವರು ಬಸ್ಸಿನಲ್ಲಿದ್ದರು.